ಬೇಲಿಯ ಬುಡಕ್ಕೆ ಬೆಳಕು: ಪುಣೆಯಲ್ಲಿ ಹೆಜ್ ಮತ್ತು ಟೋಪಿಯರಿ ಕತ್ತರಿಸುವ ಬಗೆ

ಪುಣೆಯಲ್ಲಿ ಯಾವ ವಸತಿ ಸೊಸೈಟಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗಿಡಗಳನ್ನೇ ಬೇಲಿಯಾಗಿ ಬೆಳೆಸಿದ ಹೆಜ್‌ನ ಬುಡಕ್ಕೆ. ಮೇಲೆ ಹಸಿರು ಕಿಕ್ಕಿರಿದಿರುತ್ತದೆ, ತಲೆ ಸಪಾಟಾಗಿ ಕತ್ತರಿಸಿರುತ್ತಾರೆ, ದೂರದಿಂದ ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮೊಣಕಾಲಿನವರೆಗೆ ಬರೀ ಕಡ್ಡಿ, ಒಂದು ಎಲೆ ಇಲ್ಲ, ಬೀದಿ ನಾಯಿ ಆರಾಮಾಗಿ ನುಸುಳಿ ಆಚೆ ಹೋಗುತ್ತದೆ. ಬೇಲಿ ಅಂತ ಬೆಳೆಸಿದ್ದು ಬೇಲಿಯ ಕೆಲಸವನ್ನೇ ಮಾಡದಿದ್ದರೆ ಹೇಗೆ?

ನಾನು ವಿಜಯಪುರ ಕಡೆಯವನು. ಹದಿನೆಂಟು ವರ್ಷದಿಂದ ಪುಣೆಯಲ್ಲಿ ತೋಟದ ಗುತ್ತಿಗೆ ಕೆಲಸ ಮಾಡುತ್ತಿದ್ದೇನೆ, ನನ್ನ ಜೊತೆಗಿರುವ ಹುಡುಗರಲ್ಲಿ ಅರ್ಧ ಜನ ಯಾದಗಿರಿ, ಕಲಬುರಗಿ ಕಡೆಯವರು. ಕೋಥ್ರುಡ್‌ನಲ್ಲಿ ಧಾರವಾಡದ ಒಬ್ಬ ಅಜ್ಜಿಯ ಮನೆಗೆ ಮೊದಲ ಸಲ ಹೋದಾಗ ಅವರು ಮೆಹಂದಿ ಬೇಲಿ ತೋರಿಸಿ, "ತಮ್ಮಾ, ಮ್ಯಾಲ ಇಷ್ಟು ಹಸರ ಐತಿ, ಬುಡದಾಗ ಯಾಕ ಬೋಳಾಗೇತಿ? ದಿನಾ ನೀರು ಹಾಕ್ತೀನಲ್ಲಪಾ" ಅಂತ ಕೇಳಿದರು. "ನೀರಿಂದಲ್ಲ ಅಜ್ಜಿ, ಬೆಳಕಿಂದು" ಅಂದೆ. ಆ ಒಂದು ಮಾತನ್ನೇ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನೀವೇ ಕತ್ತರಿ ಹಿಡಿದರೂ ಸರಿ, ಮಾಳಿಯ, ಅಂದರೆ ತೋಟಗಾರನ, ಹತ್ತಿರ ಮಾಡಿಸಿದರೂ ಸರಿ, ಇದು ತಿಳಿದಿದ್ದರೆ ಅರ್ಧ ಕೆಲಸ ಆದ ಹಾಗೆ.

ಗಿಡದ ಕುಡಿಯಲ್ಲಿ ಆಕ್ಸಿನ್ ಅನ್ನುವ ಹಾರ್ಮೋನು ತಯಾರಾಗಿ ಕೆಳಗೆ ಇಳಿಯುತ್ತಾ ಇರುತ್ತದೆ. ಅದು ಪಕ್ಕದ ಮೊಗ್ಗುಗಳನ್ನು ಮಲಗಿಸಿಡುತ್ತದೆ. ಹಾಗಾಗಿ ಗಿಡ ಮೇಲಕ್ಕೇ ಓಡುತ್ತದೆ. ಕುಡಿ ಚಿವುಟಿದರೆ ಆ ತಡೆ ಹೋಗುತ್ತದೆ, ಕೆಳಗಿನ ಎರಡು ಮೂರು ಮೊಗ್ಗು ಎದ್ದು ಕವಲೊಡೆಯುತ್ತವೆ. ಹೆಜ್ ದಟ್ಟ ಆಗುವುದು ಹೀಗೆ, ಒಂದು ಇದ್ದದ್ದು ಮೂರಾಗಿ, ಮೂರು ಒಂಬತ್ತಾಗಿ. ಆದರೆ ಎದ್ದ ಮೊಗ್ಗು ಬದುಕಬೇಕಾದರೆ ಬಿಸಿಲು ಬೇಕು. ತಲೆಯನ್ನಷ್ಟೇ ಕತ್ತರಿಸಿ ಪಕ್ಕ ಬಿಟ್ಟರೆ ಮೇಲಿನ ಭಾಗ ಕೊಡೆ ಹಾಗೆ ಅಗಲ ಆಗುತ್ತದೆ, ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ ಹಾಗೆ. ಕೆಳಗೆ ನೆರಳು ಬಿದ್ದು ಎಲೆ ಉದುರುತ್ತದೆ. ಒಮ್ಮೆ ಬೋಳಾದ ಕಡ್ಡಿ ಆ ನೆರಳಿನಲ್ಲಿ ಮತ್ತೆ ಚಿಗುರುವುದು ಬಹಳ ಕಷ್ಟ.

ಅದಕ್ಕೆ ಹೆಜ್ ಯಾವತ್ತೂ ಬುಡದಲ್ಲಿ ಅಗಲ, ತಲೆಯಲ್ಲಿ ಸಣ್ಣ ಇರಬೇಕು. ನಮ್ಮ ಊರ ಕಡೆಯ ಹಳೇ ಕೋಟೆ ಗೋಡೆ ನೋಡಿದ್ದೀರಲ್ಲ, ಕೆಳಗೆ ದಪ್ಪ, ಮೇಲೆ ಹೋದಂತೆ ಒಳಕ್ಕೆ ವಾಲುತ್ತದೆ, ಅದೇ ಆಕಾರ. ನಾಲ್ಕು ಅಡಿ ಎತ್ತರದ ಹೆಜ್‌ಗೆ ಎರಡೂ ಪಕ್ಕ ಮೂರು ಮೂರು ಇಂಚು ಒಳಕ್ಕೆ ವಾಲಿದರೆ ಸಾಕು, ಅಂದರೆ ಬುಡದಲ್ಲಿ ಎರಡು ಅಡಿ ಇದ್ದರೆ ತಲೆಯಲ್ಲಿ ಒಂದೂವರೆ. ಕಣ್ಣಿಗೆ ಅದು ನೇರ ಗೋಡೆ ಹಾಗೇ ಕಾಣುತ್ತದೆ, ಯಾರಿಗೂ ವಾಲಿದ್ದು ಗೊತ್ತಾಗುವುದಿಲ್ಲ. ಗಿಡಕ್ಕೆ ಗೊತ್ತಾಗುತ್ತದೆ.

ಹೊಸದಾಗಿ ನೆಡುವವರು ಒಂದು ತಪ್ಪು ಮಾಡೇ ಮಾಡುತ್ತಾರೆ. "ಮೊದಲು ಎತ್ತರ ಬರಲಿ, ಆಮೇಲೆ ಕತ್ತರಿಸೋಣ" ಅಂತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆ ಹೆಜ್‌ಗೆ ಹೇಳಿ ಮಾಡಿಸಿದ್ದು. ಒಂದಡಿ ಎತ್ತರದ ಸಸಿ ನೆಟ್ಟು, ಒಂದು ತಿಂಗಳಲ್ಲಿ ಬೇರು ಹಿಡಿದ ಮೇಲೆ, ಮನಸ್ಸು ಗಟ್ಟಿ ಮಾಡಿ ಎಂಟು ಇಂಚಿಗೆ ಇಳಿಸಿ. ಆಮೇಲೆ ಪ್ರತಿ ಸಲ ಆರು ಇಂಚು ಬೆಳೆದಾಗ ಮೂರು ಇಂಚು ತೆಗೆಯಿರಿ. ಅಂದರೆ ಬೆಳೆದದ್ದರಲ್ಲಿ ಅರ್ಧ ಗಿಡಕ್ಕೆ, ಅರ್ಧ ಕತ್ತರಿಗೆ. ಪಕ್ಕದ ಸೊಸೈಟಿಯ ಹೆಜ್ ಒಂದೇ ವರ್ಷದಲ್ಲಿ ನಾಲ್ಕಡಿ ಆಯಿತು, ನಮ್ಮದು ಇನ್ನೂ ಎರಡಡಿ ಅಂತ ಕಮಿಟಿಯವರು ಕೇಳುತ್ತಾರೆ. ಕೇಳಲಿ. ಮೂರನೇ ವರ್ಷ ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿ ನೋಡಿದರೆ ನಿಮ್ಮದರಲ್ಲಿ ಬೆಕ್ಕೂ ನುಸುಳುವುದಿಲ್ಲ.

ನೆಡುವ ಕಾಲುವೆ ಒಂದೂವರೆ ಅಡಿ ಅಗಲ, ಅಷ್ಟೇ ಆಳ ಇರಲಿ. ಪುಣೆಯ ಹೊಸ ಸೊಸೈಟಿಗಳಲ್ಲಿ ಮಣ್ಣು ಅಂತ ಇರುವುದು ಬಹಳ ಕಡೆ ಗರಸಿನಂಥ ಮುರುಮು ಮತ್ತು ಕಟ್ಟಡದ ಒಡೆದ ಸಾಮಾನು, ಇಲ್ಲಿನವರು ರಾಡಾರೋಡಾ ಅನ್ನುತ್ತಾರೆ. ಅದನ್ನು ಪೂರ್ತಿ ಎತ್ತಿ ಹಾಕಿ, ಪೋಯಟಾ ಅನ್ನುವ ಮೆಕ್ಕಲು ಮಣ್ಣು ಮತ್ತು ಹಳೆಯ ಸಗಣಿ ಗೊಬ್ಬರ ತುಂಬಿ. ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ಓರೆಯಾಗಿ. ಡುರಾಂಟಾ ಆದರೆ ಒಂದಡಿಗೆ ಒಂದು, ಕಾಮಿನಿ ಅಥವಾ ಫೈಕಸ್ ಆದರೆ ಒಂದೂವರೆ ಅಡಿಗೆ ಒಂದು.

ಯಾವ ಗಿಡ ಅಂತ ಎಲ್ಲರೂ ಕೇಳುತ್ತಾರೆ. ಪುಣೆ ಕಡೆ ಸೋಲಾಪುರ ರಸ್ತೆಯ ಉರುಳಿಕಾಂಚನ್ ಸುತ್ತಮುತ್ತ ನರ್ಸರಿಗಳು ಸಾಲಾಗಿ ಇವೆ, ಅಲ್ಲಿ ಹೋದರೆ ಹಳದಿ ಡುರಾಂಟಾ ರಾಶಿ ರಾಶಿ ಸಿಗುತ್ತದೆ, ಅಗ್ಗ, ಬೇಗ ಬೆಳೆಯುತ್ತದೆ. ಆದರೆ ಬೇಗ ಬೆಳೆಯುವ ಗಿಡ ಅಂದರೆ ಬೇಗ ಬೇಗ ಕತ್ತರಿಸಬೇಕಾದ ಗಿಡ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕತ್ತರಿ ಬೇಕು. ಅದರ ಹಣ್ಣು ವಿಷ, ಚಿಕ್ಕ ಮಕ್ಕಳಿದ್ದರೆ ಗೊಂಚಲು ಕಂಡ ಕೂಡಲೇ ತೆಗೆಯಿರಿ. ನನಗೆ ಇಷ್ಟವಾದದ್ದು ಕಾಮಿನಿ. ಮರಾಠಿಯವರು ಕುಂತಿ ಅನ್ನುತ್ತಾರೆ, ನಮ್ಮ ಕರಿಬೇವಿನ ಕುಟುಂಬದ್ದೇ. ನಿಧಾನ ಬೆಳೆಯುತ್ತದೆ, ಎಲೆ ಸಣ್ಣ, ಹೊಳಪು ಇದೆ, ಗೆರೆ ಹೊಡೆದ ಹಾಗೆ ಶೇಪ್ ನಿಲ್ಲುತ್ತದೆ. ಮೊದಲ ಮಳೆ ಬಿದ್ದು ಕೆಲವು ದಿನಕ್ಕೆ ಇಡೀ ಬೇಲಿ ಬಿಳಿ ಹೂ ಬಿಟ್ಟು ಸಂಜೆ ಹೊತ್ತು ಘಮ್ಮೆನ್ನುತ್ತದೆ. ಆ ಪರಿಮಳ ಬೇಕು ಅಂದರೆ ಮೇ ಕೊನೆಯ ವಾರದಿಂದ ಹೂ ಮುಗಿಯುವವರೆಗೆ ಕತ್ತರಿ ದೂರ ಇಡಿ, ಇಲ್ಲದಿದ್ದರೆ ಮೊಗ್ಗೆಲ್ಲ ಕಸದ ಚೀಲಕ್ಕೆ ಹೋಗುತ್ತದೆ.

ಮುಂಬೈನ ಸಮುದ್ರದ ಕಡೆ, ಗೋವಾದ ವಾಸ್ಕೋ ಕಡೆ ಇರುವವರಿಗೆ ಉಪ್ಪು ಗಾಳಿಯ ಕಾಟ ಇರುತ್ತದೆ. ಅಲ್ಲಿಗೆ ಕ್ಲೆರೋಡೆಂಡ್ರಮ್ ಇನರ್ಮೆ ಒಳ್ಳೆಯದು, ಮರಾಠಿಯಲ್ಲಿ ವನಜಾಯಿ, ಅದು ಸಮುದ್ರ ತೀರದ್ದೇ ಗಿಡ. ಮಳೆಯೂ ಅಲ್ಲಿ ಬೇರೆ ಲೆಕ್ಕ. ಪುಣೆ ನಗರದಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಬಿದ್ದರೆ ಮುಂಬೈಯಲ್ಲಿ 2000 ದಾಟುತ್ತದೆ, ಗೋವಾದಲ್ಲಿ 3000ದ ಹತ್ತಿರ. ಹಾಗಾಗಿ ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗಿಂತ ಜಾಸ್ತಿ ಸಲ ಕತ್ತರಿ ಹಿಡಿಯಬೇಕಾಗುತ್ತದೆ, ಒಣಗಿದ ದಿನ ನೋಡಿ. ಕೊನೋಕಾರ್ಪಸ್ ಮಾತ್ರ ಹಾಕಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧ ಮಾಡಿತು, ಬೇರು ಪೈಪು ಚರಂಡಿಗೆ ನುಗ್ಗುತ್ತದೆ, ಪರಾಗದಿಂದ ಅಲರ್ಜಿ ಅನ್ನುವ ದೂರೂ ಇದೆ. ಫೈಕಸ್ ಕೂಡ ಕಾಂಪೌಂಡ್ ಗೋಡೆಗೆ ಅಂಟಿಸಿ ನೆಡಬೇಡಿ, ಎರಡು ಮೂರು ಅಡಿಯಾದರೂ ಬಿಡಿ. ಅದು ಆಲದ ಜಾತಿ, ಗೋಡೆ ಬಿಡುವುದಿಲ್ಲ.

ಈಗ ಯಾವಾಗ ಕತ್ತರಿಸಬೇಕು ಅನ್ನುವುದು. ದೊಡ್ಡ ಕಟಿಂಗ್, ಅಂದರೆ ಅಡಿಗಟ್ಟಲೆ ಇಳಿಸುವುದು, ಪುಣೆಯಲ್ಲಿ ಜೂನ್ ಮಧ್ಯ. ಮುಂಗಾರು ಇಲ್ಲಿಗೆ ಬರುವುದು ಸಾಮಾನ್ಯವಾಗಿ ಜೂನ್ 10ರ ಹೊತ್ತಿಗೆ, ಎರಡು ಮೂರು ಒಳ್ಳೆ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಕೈ ಹಾಕಿ. ಎರಡನೇ ಅವಕಾಶ ಫೆಬ್ರವರಿ, ಚಳಿ ಬಿಡುತ್ತಾ ಹೊಸ ಚಿಗುರು ಬರುವ ಮೊದಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ತುದಿಯನ್ನಷ್ಟೇ ಹಗುರಾಗಿ ಸವರಿ ಬಿಡಿ. ಇಷ್ಟು ದಿನ ನೆರಳಿನಲ್ಲಿದ್ದ ಒಳಗಿನ ಕೊಂಬೆಗೆ 40 ಡಿಗ್ರಿ ಬಿಸಿಲು ನೇರ ಬಿದ್ದರೆ ತೊಗಟೆ ಸುಡುತ್ತದೆ. ನಾನು ಕೆಲಸ ಶುರು ಮಾಡಿದ ಎರಡನೇ ವರ್ಷ ಔಂಧ್‌ನ ಒಂದು ಬಂಗಲೆಯಲ್ಲಿ ಏಪ್ರಿಲ್‌ನಲ್ಲಿ ಮೋರ್‌ಪಂಖಿ ಸಾಲನ್ನು ಅಗಲ ಜಾಸ್ತಿ ಆಯಿತು ಅಂತ ಒಳಗಿನ ಕಂದು ಕಡ್ಡಿ ಕಾಣುವವರೆಗೆ ಕತ್ತರಿಸಿದೆ. ಮಳೆ ಬಂತು, ಹೋಯಿತು, ಅದು ಚಿಗುರಲೇ ಇಲ್ಲ. ಹನ್ನೊಂದು ಗಿಡ ಕಿತ್ತು ಹೊಸದು ಹಾಕಿಕೊಟ್ಟೆ. ಆಗ ಕಲಿತದ್ದು: ಥುಜಾ, ಅಂದರೆ ಈ ಮೋರ್‌ಪಂಖಿ, ಹಳೇ ಕಂದು ಕಡ್ಡಿಯಿಂದ ಚಿಗುರುವ ಗಿಡ ಅಲ್ಲ. ಹಸಿರು ಇರುವಷ್ಟರಲ್ಲೇ ಕತ್ತರಿ ಆಡಬೇಕು. ಡುರಾಂಟಾ, ಮೆಹಂದಿ, ಕಾಮಿನಿ, ಫೈಕಸ್, ದಾಸವಾಳ ಇವೆಲ್ಲ ದಪ್ಪ ಕೊಂಬೆಯಿಂದಲೂ ಚಿಗುರುತ್ತವೆ.

ಹೊತ್ತು ಸಂಜೆ ಒಳ್ಳೆಯದು, ಇಲ್ಲ ಮೋಡ ಇರುವ ದಿನ. ನಡು ಮಧ್ಯಾಹ್ನ ಕತ್ತರಿಸಿದರೆ ಎಲೆಯ ಕೊಯ್ದ ಅಂಚು ಮರುದಿನಕ್ಕೆ ಕಂದಾಗಿ ಇಡೀ ಬೇಲಿ ಸುಟ್ಟ ಹಾಗೆ ಕಾಣುತ್ತದೆ.

ಸಾಮಾನಿನಲ್ಲಿ ಜಾಸ್ತಿ ಏನೂ ಬೇಡ. ಒಂದು ಉದ್ದ ಹೆಜ್ ಕತ್ತರಿ, ಒಂದು ಸಿಕೇಟರ್ (ಒಂದೇ ಕೈಯಲ್ಲಿ ಹಿಡಿದು ಕೊಂಬೆ ಕತ್ತರಿಸುವ ಸಣ್ಣ ಕತ್ತರಿ), ಬಗ್ಗಿದ ಸಣ್ಣ ಗರಗಸ, ನಾಲ್ಕು ಬಿದಿರು ಗೂಟ, ದಾರ, ಹಳೇ ಸೀರೆ ಅಥವಾ ತಾಡಪತ್ರಿ ಕೆಳಗೆ ಹಾಸಲು. ಸಿಕೇಟರ್ ಕೊಳ್ಳುವಾಗ ಒಂದು ಬ್ಲೇಡ್ ಇನ್ನೊಂದರ ಪಕ್ಕ ಸರಿದು ಹೋಗುವಂಥದ್ದು ತೆಗೆದುಕೊಳ್ಳಿ, ಎದುರುಬದುರು ಒತ್ತುವಂಥದ್ದು ಹಸಿ ಕೊಂಬೆಯನ್ನು ಜಜ್ಜುತ್ತದೆ. ಐವತ್ತು ಅಡಿಗಿಂತ ಉದ್ದದ ಹೆಜ್ ಇದ್ದರೆ ಮಷಿನ್ ಲಾಭ. ಪೆಟ್ರೋಲ್ ಮಷಿನ್‌ಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸಬೇಕು, ಎಷ್ಟು ಅಂತ ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಪಕ್ಕದವರು ಹೇಳಿದ ಲೆಕ್ಕ ಬೇಡ. ಕರೆಂಟಿನ ಮಷಿನ್ ಆದರೆ ವೈರನ್ನು ಹೆಗಲ ಮೇಲಿಂದ ಬೆನ್ನ ಹಿಂದೆ ಬಿಟ್ಟುಕೊಳ್ಳಿ, ಒದ್ದೆ ಹೆಜ್‌ಗೆ ಯಾವತ್ತೂ ಹಚ್ಚಬೇಡಿ. ಕನ್ನಡಕ, ಕೈಗವಸು ಬೇಕೇ ಬೇಕು. ಫೈಕಸ್ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗೆ ಬಿದ್ದರೆ ಕೂಡಲೇ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಕತ್ತರಿ ಚೂಪಾಗಿರಬೇಕು, ಇದನ್ನು ನಾನು ಹುಡುಗರಿಗೆ ದಿನಾ ಹೇಳುತ್ತೇನೆ. ಮೊಂಡು ಕತ್ತರಿ ಕೊಯ್ಯುವುದಿಲ್ಲ, ಹರಿಯುತ್ತದೆ, ಹರಿದ ತುದಿ ಒಣಗಿ ರೋಗ ಹಿಡಿಯುತ್ತದೆ. ಇಳಿಜಾರಾಗಿ ಮಸೆದ ಮುಖ ಇರುತ್ತದಲ್ಲ, ಆ ಮುಖವನ್ನು ಮಾತ್ರ ಚಪ್ಪಟೆ ಅರದಿಂದ ಒಂದೇ ದಿಕ್ಕಿಗೆ ಉಜ್ಜಿ. ಹಿಂದಿನ ಚಪ್ಪಟೆ ಮುಖವನ್ನು ಮಸೆಯಬೇಡಿ, ಎರಡು ಬ್ಲೇಡಿನ ನಡುವೆ ಸಂದಿ ಬಂದು ಎಲೆ ಮಡಚಿಕೊಳ್ಳುತ್ತದೆ. ಅಂಟು ಹೋಗಲು ಸೀಮೆಎಣ್ಣೆ ಬಟ್ಟೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಸ್ಪಿರಿಟ್ ಬಟ್ಟೆ. ಬ್ಲೇಡಿನ ಮೇಲೆ ರೋಗವೂ ಕೀಟವೂ ಪ್ರಯಾಣ ಮಾಡುತ್ತವೆ.

ಕೆಲಸದ ದಿನ ಮೊದಲು ಕೋಲಿನಿಂದ ಹೆಜ್‌ನ ಬುಡ ತಟ್ಟುತ್ತಾ ಒಂದು ಸುತ್ತು ಬನ್ನಿ. ಒಣ ಎಲೆ ರಾಶಿಯಲ್ಲಿ ಕೊಳಕುಮಂಡಲ ಮಲಗಿರಬಹುದು, ಒಳಗೆ ಕಣಜದ ಗೂಡು ಇರಬಹುದು. ಆಮೇಲೆ ದಾರ ಕಟ್ಟಿ. ಎರಡು ತುದಿಗೆ ಗೂಟ, ನಡುವೆ ಬಿಗಿ ದಾರ. ಸೊಸೈಟಿ ರಸ್ತೆ ಇಳಿಜಾರಿದ್ದರೆ ಗಾರೆ ಕೆಲಸದವರ ನೀರಿನ ಪೈಪ್ ಲೆವೆಲ್ ಹಿಡಿಯಿರಿ, ಕಣ್ಣಳತೆ ಅಲ್ಲಿ ಮೋಸ ಮಾಡುತ್ತದೆ. ಗೂಟ ನೇರ ನಿಂತಿದೆಯೇ ಅಂತ ನೋಡಲು ಅವರ ತೂಗುಗುಂಡು ಸಾಕು, ಇಲ್ಲಿ ಅದಕ್ಕೆ ಓಳಂಬಾ ಅನ್ನುತ್ತಾರೆ.

ಮೊದಲು ಪಕ್ಕ, ಆಮೇಲೆ ತಲೆ. ಪಕ್ಕವನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತಾ ಹೋಗಿ, ಕತ್ತರಿಸಿದ್ದು ಕೆಳಗೆ ಬೀಳುತ್ತದೆ, ಮುಂದಿನ ಕಡೆ ಕಣ್ಣಿಗೆ ಸ್ವಚ್ಛ ಕಾಣುತ್ತದೆ. ಪ್ರತಿ ಸಲ ಹಿಂದಿನ ಕಟಿಂಗ್‌ನ ಗೆರೆಗಿಂತ ಅರ್ಧ ಇಂಚು ಹೊರಗೆ ನಿಲ್ಲಿಸಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಕತ್ತರಿಸಿದರೆ ಗಂಟು ಗಂಟಾಗಿ, ಹೊರಗೆ ತೆಳು ಹಸಿರು ಚಿಪ್ಪು, ಒಳಗೆ ಒಣ ಕಡ್ಡಿ ಆಗುತ್ತದೆ. ಒಂದೇ ಸಲ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಎಲೆ ತೆಗೆಯಬೇಡಿ. ಅಕಾಲಿಫಾ, ದಾಸವಾಳದಂಥ ದೊಡ್ಡ ಎಲೆಯ ಗಿಡಕ್ಕೆ ಹೆಜ್ ಕತ್ತರಿ ಆಗುವುದಿಲ್ಲ, ಅರ್ಧ ಕೊಯ್ದ ಎಲೆಗಳು ಕಂದಾಗಿ ನೇತಾಡುತ್ತವೆ. ಸಿಕೇಟರ್ ಹಿಡಿದು ಒಂದೊಂದೇ ಕೊಂಬೆ, ಹೊರಗೆ ಮುಖ ಮಾಡಿದ ಮೊಗ್ಗಿನ ಕಾಲಿಂಚು ಮೇಲೆ, ಓರೆಯಾಗಿ.

ಇನ್ನೊಂದು ಕೆಲಸ ಇದೆ, ಹೆಚ್ಚಿನ ಮಾಳಿಗಳು ಮಾಡುವುದಿಲ್ಲ, ಯಾಕೆಂದರೆ ಯಾರೂ ಕೇಳುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಕೈಯನ್ನು ಹೆಜ್ ಒಳಗೆ ಹಾಕಿ, ಒಂದೂವರೆ ಎರಡು ಅಡಿಗೆ ಒಂದರಂತೆ ಒಂದು ದಪ್ಪ ಕವಲನ್ನು ಆರೆಂಟು ಇಂಚು ಒಳಗೆ ಸಿಕೇಟರ್‌ನಿಂದ ತೆಗೆಯುವುದು. ಹೊರಗಿಂದ ನೋಡಿದರೆ ಮುಷ್ಟಿ ಗಾತ್ರದ ಕಿಟಕಿ. ಅದರಲ್ಲಿ ಬೆಳಕೂ ಗಾಳಿಯೂ ಒಳಗೆ ಹೋಗುತ್ತದೆ, ಒಳಗಿನ ಮೊಗ್ಗು ಏಳುತ್ತದೆ, ಹಿಟ್ಟು ತಿಗಣೆ ಕಡಿಮೆ ಆಗುತ್ತದೆ. ಮೂರು ನಾಲ್ಕು ವಾರದಲ್ಲಿ ಕಿಟಕಿ ಮುಚ್ಚಿಕೊಳ್ಳುತ್ತದೆ. ಗುತ್ತಿಗೆ ಮಾತಾಡುವಾಗಲೇ ಇದನ್ನು ಹೇಳಿ ಬಿಡಿ, ರನ್ನಿಂಗ್ ಫೂಟ್ ಲೆಕ್ಕದಲ್ಲಿ, ಅಂದರೆ ಬೇಲಿಯ ಉದ್ದದ ಅಡಿಗೆ ಇಷ್ಟು ಅಂತ, ಕೆಲಸ ಕೊಟ್ಟರೆ ಅವರು ಮೇಲಿಂದ ಸವರಿಕೊಂಡು ಓಡುತ್ತಾರೆ.

ಅಜ್ಜಿಯ ಮೆಹಂದಿ ಬೇಲಿಗೆ ಬರೋಣ. ಬುಡ ಆಗಲೇ ಬೋಳಾಗಿದ್ದರೆ ಏನು ಮಾಡುವುದು? ಎರಡು ವರ್ಷದ ಕೆಲಸ ಅದು. ಮೊದಲ ಜೂನ್‌ನಲ್ಲಿ ಒಂದು ಪಕ್ಕವನ್ನು ಮಾತ್ರ ನಡು ಕಾಂಡದ ಹತ್ತಿರದವರೆಗೆ ಕತ್ತರಿಸಿ, ತಲೆಯನ್ನು ಬೇಕಾದ ಎತ್ತರಕ್ಕಿಂತ ಒಂದಡಿ ಕೆಳಗೆ ಇಳಿಸಿದೆವು. ಇನ್ನೊಂದು ಪಕ್ಕ ಹಾಗೇ ಇತ್ತು, ಗಿಡ ಅದರ ಎಲೆಯಿಂದ ಊಟ ಮಾಡಿಕೊಂಡಿತು. ಮುಂದಿನ ಜೂನ್‌ನಲ್ಲಿ ಎರಡನೇ ಪಕ್ಕ. ಮೊದಲ ತಿಂಗಳು ನೋಡಲು ಬಹಳ ಕೆಟ್ಟದಾಗಿತ್ತು, ಅಜ್ಜಿಗೆ ಕಣ್ಣಲ್ಲಿ ನೀರೇ ಬಂತು, ಅವರ ಯಜಮಾನರು ನೆಟ್ಟ ಬೇಲಿ ಅದು. ಆದರೆ ಜುಲೈ ಮುಗಿಯುವುದರೊಳಗೆ ಕಡ್ಡಿಯ ಉದ್ದಕ್ಕೂ ಕೆಂಪು ಚಿಗುರು ಎದ್ದಿತು. ಕತ್ತರಿಸಿದ ಕೂಡಲೇ ಬುಡಕ್ಕೆ ಅಡಿಗೆ ಒಂದು ಬೊಗಸೆಯಂತೆ ಕಾಂಪೋಸ್ಟ್ ಕೊಟ್ಟಿದ್ದೆವು, ಮಳೆ ಕೈ ಕೊಟ್ಟ ವಾರ ನೀರು. ಹೆಬ್ಬೆರಳಿಗಿಂತ ದಪ್ಪ ಇರುವ ಕಡಿತಕ್ಕೆ ಬೋರ್ಡೋ ಪೇಸ್ಟ್ ಹಚ್ಚಬೇಕು. ಅಡಿಕೆ ತೋಟ ನೋಡಿದವರಿಗೆ ಮೈಲುತುತ್ತ, ಸುಣ್ಣದ ಲೆಕ್ಕ ಗೊತ್ತೇ ಇದೆ, ಪೇಸ್ಟ್‌ಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಮನೆಗೆ ನೂರು ಗ್ರಾಮ್, ನೂರು ಗ್ರಾಮ್, ಒಂದು ಲೀಟರ್ ಸಾಕು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ, ಕಬ್ಬಿಣದ ಪಾತ್ರೆಯಲ್ಲಿ ಬೇಡ.

ಪುಣೆಯ ಡುರಾಂಟಾ ಬೇಲಿಗಳಲ್ಲಿ ಹಳದಿ ಸೇವಿಗೆ ಚೆಲ್ಲಿದ ಹಾಗೆ ಒಂದು ಬಳ್ಳಿ ಕಾಣುತ್ತದೆ, ಅಮರಬೇಲ್. ಬೇರಿಲ್ಲ, ಎಲೆ ಇಲ್ಲ, ಗಿಡದ ರಸ ಹೀರಿ ಬದುಕುತ್ತದೆ. ಇದು ಕಂಡ ಕಡೆ ಹೆಜ್ ಕತ್ತರಿ ಆಡಿಸಲೇಬಾರದು. ಒಂದು ತುಂಡು ಹಸಿ ಕೊಂಬೆಯ ಮೇಲೆ ಬಿದ್ದರೂ ಅಲ್ಲೇ ಮತ್ತೆ ಹಿಡಿದುಕೊಳ್ಳುತ್ತದೆ, ಮಷಿನ್ ಓಡಿಸಿದರೆ ನೀವೇ ಇಡೀ ಸಾಲಿಗೆ ಬಿತ್ತಿದ ಹಾಗೆ. ಹಿಡಿದ ಕೊಂಬೆಯನ್ನೇ ಅರ್ಧ ಅಡಿ ಕೆಳಗಿನಿಂದ ತೆಗೆದು, ಕಟ್ಟಿದ ಚೀಲದಲ್ಲಿ ಹಾಕಿ ಆಚೆ ಕಳಿಸಿ. ಕಾಂಪೋಸ್ಟ್ ಗುಂಡಿಗೂ ಬೇಡ. ಹಿಟ್ಟು ತಿಗಣೆಗೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸೋಪು, ಸಂಜೆ ಹೊತ್ತು ಎಲೆಯ ಕೆಳಗೂ ಬೀಳುವ ಹಾಗೆ.

ಟೋಪಿಯರಿ ಅಂದರೆ ಗಿಡವನ್ನೇ ಗುಂಡು, ತೇರು, ಸುರುಳಿ, ಆನೆ ಮಾಡುವ ಕಲೆ. ಮುಂಬೈನ ಮಲಬಾರ್ ಹಿಲ್ ಮೇಲಿನ ಹ್ಯಾಂಗಿಂಗ್ ಗಾರ್ಡನ್‌ಗೆ ಹೋದವರು ಪ್ರಾಣಿಗಳ ಆಕಾರದ ಗಿಡಗಳನ್ನು ನೋಡಿರುತ್ತೀರಿ. ನಾನು ಹುಡುಗರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ, ಫೋಟೋ ತೆಗೆಯಲು ಅಲ್ಲ, ಹತ್ತಿರದಿಂದ ಒಳಗಿನ ಚೌಕಟ್ಟು ತೋರಿಸಲು. ಗಿಡದ ಒಳಗೆ ಏನಿದೆ ಅಂತ ಕಂಡ ಮೇಲೆ ಅವರ ಕೈಯೇ ಬೇರೆ ಆಯಿತು.

ಶುರು ಮಾಡುವವರು ಗುಂಡಿನಿಂದಲೇ ಶುರು ಮಾಡಿ. ಕಾಮಿನಿ, ಫೈಕಸ್, ಡುರಾಂಟಾ ಯಾವುದಾದರೂ ಸರಿ, ಬೇಕಾದ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಾಗಿ ಪೊದೆ ಬೆಳೆದಿರಬೇಕು. ರಂಗೋಲಿಯಲ್ಲಿ ಮೊದಲು ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೆಯುತ್ತೇವಲ್ಲ, ಇಲ್ಲೂ ಅದೇ. ಮೊದಲು ತಲೆಯ ನಡುಬಿಂದು ಎಷ್ಟು ಎತ್ತರ ಅಂತ ಕತ್ತರಿಸಿ ಗುರುತು ಮಾಡಿ. ಆಮೇಲೆ ಹೊಟ್ಟೆಯ ಸುತ್ತ ಒಂದು ಪಟ್ಟಿ, ಸೊಂಟಕ್ಕೆ ಡಾಬು ಕಟ್ಟಿದ ಹಾಗೆ. ಮೂರನೆಯದಾಗಿ ತಲೆಯಿಂದ ಕೆಳಗಿನವರೆಗೆ ಎದುರು ಒಂದು, ಹಿಂದೆ ಒಂದು, ಎಡಕ್ಕೊಂದು, ಬಲಕ್ಕೊಂದು ಪಟ್ಟಿ. ಈಗ ಗಿಡ ಕಿತ್ತಳೆ ತೊಳೆಗಳ ಹಾಗೆ ಭಾಗ ಆಗಿರುತ್ತದೆ, ಉಳಿದ ಉಬ್ಬನ್ನು ಈ ಪಟ್ಟಿಗಳ ಮಟ್ಟಕ್ಕೆ ತಂದರೆ ಮುಗಿಯಿತು. ಎರಡಡಿಯ ಗುಂಡು ಬೇಕಾದರೆ ರಟ್ಟಿನಲ್ಲಿ ಒಂದಡಿ ತ್ರಿಜ್ಯದ ಅರ್ಧ ವೃತ್ತ ಕೊರೆದು ಗಿಡಕ್ಕೆ ಹಿಡಿದು ನೋಡುತ್ತಾ ಹೋಗಿ.

ಒಂದು ಗುಟ್ಟು ಹೇಳುತ್ತೇನೆ, ಇದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು. ಹೆಜ್ ಕತ್ತರಿಯ ಹಿಡಿ ಸ್ವಲ್ಪ ಬಾಗಿರುತ್ತದೆ. ಸಪಾಟು ಗೋಡೆಗೆ ಅದನ್ನು ಮಾಮೂಲಿ ಹಾಗೆ ಹಿಡಿಯಿರಿ. ಗುಂಡಿಗೆ ಕತ್ತರಿಯನ್ನೇ ತಿರುವಿ, ತಲೆಕೆಳಗು ಹಿಡಿದರೆ ಬ್ಲೇಡ್ ತಾನಾಗಿ ಉಬ್ಬಿನ ಜೊತೆ ಬಾಗಿ ಹೋಗುತ್ತದೆ, ಗಿಡದೊಳಗೆ ಚುಚ್ಚುವುದಿಲ್ಲ. ಹತ್ತು ಸಲ ಕತ್ತರಿ ಆಡಿಸಿದರೆ ಒಂದು ಸಲ ಆರು ಹೆಜ್ಜೆ ಹಿಂದೆ ಬಂದು ನೋಡಿ, ಇನ್ನೊಂದು ಕಡೆಯಿಂದಲೂ ನೋಡಿ. ಹತ್ತಿರ ನಿಂತಾಗ ಎಲ್ಲವೂ ಗುಂಡಗೇ ಕಾಣುತ್ತದೆ. ಹಳ್ಳ ಬಿದ್ದರೆ ಅದನ್ನು ಸರಿ ಮಾಡಲು ಸುತ್ತಲೂ ಕತ್ತರಿಸುತ್ತಾ ಹೋಗಬೇಡಿ, ಗುಂಡು ನಿಂಬೆಹಣ್ಣಾಗಿ ಬಿಡುತ್ತದೆ. ಬಿಟ್ಟು ಬಿಡಿ, ಒಂದು ತಿಂಗಳಲ್ಲಿ ತುಂಬಿಕೊಳ್ಳುತ್ತದೆ.

ತೇರಿನ ಆಕಾರಕ್ಕೆ ಮೂರು ಬಿದಿರು ಕಡ್ಡಿಯನ್ನು ಗಿಡದ ಸುತ್ತ ನೆಟ್ಟು ತುದಿಯಲ್ಲಿ ಕಟ್ಟಿ, ಅದರ ಆಚೆ ಬಂದದ್ದನ್ನು ಮೇಲಿನಿಂದ ಕೆಳಕ್ಕೆ ತೆಗೆಯಿರಿ. ಸುರುಳಿ ಬೇಕಾದವರು ಮೊದಲು ಮೋರ್‌ಪಂಖಿಯಲ್ಲಿ ಐದಡಿಯ ಒಳ್ಳೆ ತೇರು ಮಾಡಿಕೊಂಡು, ಅದಕ್ಕೆ ರಿಬ್ಬನ್ ಸುತ್ತಿ, ಕೆಳಗೆ ಬಂದಂತೆ ಸುತ್ತಿನ ಅಂತರ ಜಾಸ್ತಿ ಮಾಡಿ, ರಿಬ್ಬನ್ ಹಾದ ದಾರಿಯಲ್ಲಿ ಸಿಕೇಟರ್‌ನಿಂದ ಕಾಂಡದವರೆಗೆ ಕೊರೆಯಬೇಕು. ಅಲ್ಲಿ ಮತ್ತೆ ಚಿಗುರಬಾರದು ಅನ್ನುವುದೇ ನಮಗೆ ಬೇಕಾದದ್ದು, ಹಾಗಾಗಿ ಈ ಗಿಡದ ಕೊರತೆ ಇಲ್ಲಿ ಅನುಕೂಲ. ಆದರೆ ತಪ್ಪಾದರೆ ವಾಪಸ್ ಇಲ್ಲ. ಕೈ ಕುದುರುವವರೆಗೆ ಸುರುಳಿ ಬೇಡ.

ಕೋಲಿನ ಮೇಲೆ ಗುಂಡು ಇಟ್ಟ ಹಾಗೆ ಮಾಡುತ್ತಾರಲ್ಲ, ಬಾಗಿಲ ಎರಡೂ ಪಕ್ಕ ಇಡುವಂಥದ್ದು, ಅದಕ್ಕೆ ಬೆಂಜಮಿನಾ ಫೈಕಸ್ ಒಳ್ಳೆಯದು. ಒಂದೇ ಕಾಂಡ ಉಳಿಸಿ ಬಿದಿರಿಗೆ ಕಟ್ಟಿ ಮೇಲಕ್ಕೆ ಒಯ್ಯಿರಿ. ಎಲ್ಲರೂ ಕಾಂಡದ ಪಕ್ಕದ ಎಲೆಯನ್ನು ಮೊದಲೇ ಸವರಿ ಬಿಡುತ್ತಾರೆ, ಆಮೇಲೆ ಕಾಂಡ ಪೆನ್ಸಿಲ್ ಹಾಗೆ ಸಣ್ಣಗೆ ಉಳಿದು ಗುಂಡಿನ ಭಾರಕ್ಕೆ ಬಾಗುತ್ತದೆ. ಆ ಎಲೆಗಳೇ ಕಾಂಡವನ್ನು ದಪ್ಪ ಮಾಡುವುದು. ಬೇಕಾದ ಎತ್ತರ ಬಂದ ಮೇಲೆ ತುದಿ ಚಿವುಟಿ, ತಲೆ ಕವಲೊಡೆದು, ಕಾಂಡ ಹೆಬ್ಬೆರಳಷ್ಟು ಆದ ಮೇಲೆ ಕೆಳಗಿಂದ ಸ್ವಲ್ಪ ಸ್ವಲ್ಪವೇ ಎಲೆ ತೆಗೆಯುತ್ತಾ ಬನ್ನಿ. ಎರಡು ಮೂರು ವರ್ಷ ಹಿಡಿಯುತ್ತದೆ.

ಆನೆ, ನವಿಲು ಮಾಡಲು ಚೌಕಟ್ಟು ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಕಾಲಿಗೆ 8 ಎಂಎಂ, ಮೈಗೆ 6 ಎಂಎಂ ಸರಳು, ಮೇಲೆ ಕೋಳಿ ಜಾಲರಿ, ಎರಡು ಕೋಟ್ ರೆಡ್ ಆಕ್ಸೈಡ್. ಕಾಲುಗಳನ್ನು ನೆಲದಲ್ಲಿ ಒಂದೂವರೆ ಅಡಿ ಹೂತು ಕಾಂಕ್ರೀಟ್ ಹಾಕಿ, ಮಳೆಗಾಲದ ಗಾಳಿಗೆ ಎಲೆ ತುಂಬಿದ ಆನೆ ಪಟದ ಹಾಗೆ ಎಳೆಯುತ್ತದೆ. ಒಂದೊಂದು ಕಾಲಿನ ಬುಡದಲ್ಲಿ ಆಗಲೇ ಹೇಳಿದ ಕ್ಲೆರೋಡೆಂಡ್ರಮ್ ಇನರ್ಮೆಯ ನಾಲ್ಕು ಸಸಿ. ಚಿಗುರು ಬಂದಂತೆ ಒಳಗಿನಿಂದ ಒಯ್ದು ಸುತಳಿಯಲ್ಲಿ ಸಡಿಲವಾಗಿ ಕಟ್ಟಿ, ತಂತಿ ಬೇಡ, ತೊಗಟೆ ಕೊಯ್ಯುತ್ತದೆ. ಜಾಲರಿಯಿಂದ ಎರಡು ಇಂಚು ಹೊರಗೆ ಬಂದ ತುದಿಯನ್ನು ಚಿವುಟುತ್ತಾ ಇರಿ. ಸೊಂಡಿಲು, ಕಿವಿ ಕೊನೆಗೆ ತುಂಬುತ್ತವೆ. ಆನೆಯ ಹೊಟ್ಟೆಯ ಕೆಳಗೂ ಬೆಳಕು ಬೇಕು, ಕಾಲುಗಳ ನಡುವೆ ಒತ್ತಾಗಲು ಬಿಡಬೇಡಿ, ಬೇಲಿಗೆ ಹೇಳಿದ ಮಾತೇ ಇಲ್ಲಿಗೂ.

ಬೇಲಿಯ ಪಕ್ಕ ಮರ ಇದ್ದು ಅದರ ಕೊಂಬೆ ಅಡ್ಡ ಬಂದರೆ ಕತ್ತರಿ ನಿಲ್ಲಿಸಿ. ಮಹಾರಾಷ್ಟ್ರದಲ್ಲಿ ನಗರ ಪ್ರದೇಶದ ಮರಗಳಿಗೆ 1975ರಿಂದಲೇ ಸಂರಕ್ಷಣಾ ಕಾಯ್ದೆ ಇದೆ. ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಟ್ಟು ಅನುಮತಿ ತೆಗೆದುಕೊಂಡೇ ಕೊಂಬೆ ಇಳಿಸಿ. ಕಣಗಿಲೆ ಬೇಲಿ ಕತ್ತರಿಸಿದರೆ ಆ ಕಸಕ್ಕೆ ಬೆಂಕಿ ಹಾಕಬೇಡಿ, ಅದರ ಹೊಗೆಯೂ ವಿಷ.

ಗೂಡುಗಳ ಬಗ್ಗೆ ಒಂದು ಮಾತು. ದಟ್ಟ ಹೆಜ್ ಮಾಡಿದರೆ ಹಕ್ಕಿ ಬಂದೇ ಬರುತ್ತವೆ. ಹೋದ ವರ್ಷ ನಿಗಡಿಯ ಒಂದು ಮನೆಯಲ್ಲಿ ಕಾಮಿನಿ ಗುಂಡಿಗೆ ಕತ್ತರಿ ಹಚ್ಚುವ ಮೊದಲು ನಮ್ಮ ಹುಡುಗ ಕೈಯಿಂದ ಎಲೆ ಸರಿಸಿ, "ಅಣ್ಣಾ, ತತ್ತಿ ಅದಾವ್ರೀ" ಅಂದ. ಪಿಕಳಾರದ ಗೂಡು, ಮೂರು ಮೊಟ್ಟೆ. ಎರಡು ವಾರ ಕಾವು, ಮರಿ ಹಾರಲು ಇನ್ನೆರಡು ವಾರ. ಗುಂಡಿನ ಆ ಪಕ್ಕವನ್ನು ಹಾಗೇ ಬಿಟ್ಟು ಉಳಿದದ್ದನ್ನು ಕೈ ಕತ್ತರಿಯಿಂದ ಮೆಲ್ಲಗೆ ಮುಗಿಸಿದೆವು, ಮನೆಯವರಿಗೆ ನೀರಿನ ಪೈಪನ್ನು ಆ ಕಡೆ ಜೋರಾಗಿ ಹಿಡಿಯಬೇಡಿ ಅಂದೆವು. ಐದನೇ ವಾರ ಹೋದಾಗ ಗೂಡು ಖಾಲಿ ಇತ್ತು. ಆ ಪಕ್ಕ ಅಷ್ಟರಲ್ಲಿ ಗೇಣುದ್ದ ಹೊರಗೆ ಬಂದಿತ್ತು. ಅವತ್ತು ಅರ್ಧ ತೆಗೆದೆವು, ಹದಿನೈದು ದಿನ ಬಿಟ್ಟು ಇನ್ನರ್ಧ, ಗುಂಡು ಮತ್ತೆ ಗುಂಡಾಯಿತು.